ಅಂಗಳದ ಒಲೆ

ಅಂಗಳದಲ್ಲಿ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರವಾದಾಗ ಉಡಚಮ್ಮನಿಗೆ ಮೊದಲು ಅನ್ನಿಸಿದ್ದು, ಬಡಿಯುತ್ತಿರುವವಳು ತಾನೇ ಎಂದು. ಅಂಗೈ ಹಲಗೆಗೆ ಬೀಳುವ ಸಪ್ಪಳ ಅಷ್ಟು ಸಮನಾಗಿತ್ತು. ನಿದ್ದೆಯ ಮಂಪರಿನಲ್ಲಿ ಅವಳ ಬಲಗೈ ಕೌದಿಯೊಳಗೇ ಒಮ್ಮೆ ಅಲುಗಿತು ಕೂಡ. ಆಮೇಲೆ ಕಣ್ಣು ಬಿಟ್ಟು ಪಕ್ಕಕ್ಕೆ ಕೈ ಹಾಕಿದರೆ ಅತ್ತೆ ಇರಲಿಲ್ಲ, ಕೌದಿಯ ಆ ಅರ್ಧ ತಣ್ಣಗಾಗಿತ್ತು. ಹೊರಗೆ ಹತ್ತಿಕಟ್ಟಿಗೆ ಚಟಪಟ ಉರಿಯುತ್ತಿತ್ತು, ಅದರ ನಡುವೆ ಹುಲಿಗವ್ವನ ನಗೆ ಕೇಳಿಸಿತು. ಹಲ್ಲಿಲ್ಲದ ಬಾಯಿಯ ಆ ನಗೆಯನ್ನು ಉಡಚಮ್ಮ ಇಷ್ಟು ವರ್ಷ ತನ್ನ ಸ್ವಂತದ್ದು ಅಂದುಕೊಂಡಿದ್ದಳು. ಯಾರ ಮುಂದೂ ನಗದ ಮುದುಕಿ ತನ್ನ ಮುಂದೆ ಮಾತ್ರ, ಅದೂ ದೀಪ ಆರಿಸಿದ ಮೇಲೆ, ಏನೋ ಹಳೆಯದು ನೆನೆದು ಹಾಗೆ ನಗುತ್ತಿದ್ದಳು. ಈಗ ಅದೇ ನಗೆ ಅಂಗಳದ ಮೂರು ಕಲ್ಲಿನ ಒಲೆಯ ಮುಂದೆ, ನೀರಿಗೆ ಹೋಗುವ ಬರುವ ಹೆಂಗಸರಿಗೆಲ್ಲ ಪುಕ್ಕಟೆಯಾಗಿ ಸಿಗುತ್ತಿತ್ತು. ಉಡಚಮ್ಮ ಏಳಲಿಲ್ಲ. ತಾನು ಎದ್ದು ಒಳಗಿನ ಒಲೆ ಹೊತ್ತಿಸುವ ಮೊದಲೇ ಹೊರಗಿನ ಒಲೆ ಹೊತ್ತಿರುವುದು ಇದು ಎಷ್ಟನೆಯ ಸಲವೋ. ಮೊದಲ ಕೆಲವು ದಿನ ಗಂಡನಿಗಿಂತ ಮುಂಚೆ ಏಳಬೇಕೆಂದು ಹಟ ಹಿಡಿದಿದ್ದಳು. ಜೈಲಿನಲ್ಲಿ ಕೋಳಿ ಕೂಗುವ ಮೊದಲೇ ನೂರಾರು ಹೊಟ್ಟೆಗೆ ರೊಟ್ಟಿ ಬಡಿದು ಬಂದವನ ಜೊತೆ ಆ ಹಟ ನಡೆಯುವುದಿಲ್ಲವೆಂದು ಬೇಗ ತಿಳಿದುಹೋಯಿತು.

ಓಬಳೆಪ್ಪ ಕಲಬುರ್ಗಿಯ ಜೈಲಿನಲ್ಲಿ ಸಜಾ ಮುಗಿಸಿ ಊರಿಗೆ ಬಂದಾಗ ಬಿಳಿಜೋಳ ಮೊಳಕಾಲುದ್ದ ಇತ್ತು. ಈಗ ತೆನೆ ಹೊರಬೀಳುತ್ತಿದೆ, ಆದರೂ ಅವನು ಇನ್ನೂ ಮನೆಯೊಳಗೆ ಕಾಲಿಟ್ಟಿಲ್ಲ. ಇಡುವ ಹಾಗಿಲ್ಲ. ಬಂದ ದಿನವೇ ಕುಲದ ಹಿರಿಯ ಮಾರೆಪ್ಪ ಅಗಸಿಬಾಗಿಲಲ್ಲಿ ತಡೆದು ಹೇಳಿದ್ದ. "ಕಂಡಕಂಡವರ ಕೈ ಅಡಿಗಿ ಉಂಡು ಬಂದೀಯಪ್ಪಾ. ನಿನ್ನ ತಪ್ಪಲ್ಲ, ಸರಕಾರದ ಅನ್ನ, ಉಣ್ಣಲಾರದ ಇರಾಕ ಬರಂಗಿಲ್ಲ. ಆದ್ರ ಕುಲ ಕೂಡಬೇಕು, ನಾಲಿಗಿ ಸುಡಬೇಕು. ಎಳ್ಳಮವಾಸಿ ಹಿಂದಿನ ದಿನ ಕೂಡೂಣು. ಅಲ್ಲೀತನಕ ಹೊರಗ ಇರು, ನಿನ್ನ ಕೈಲೆ ನೀನ ಮಾಡ್ಕೊಂಡು ಉಣ್ಣು. ನಿನ್ನ ಕೈದು ಯಾರೂ ಮುಟ್ಟಂಗಿಲ್ಲ. ಮುಟ್ಟಿದ್ರ ಅವರ ನಾಲಿಗಿಗೂ ಅದ ಬೆಂಕಿ." ಓಬಳೆಪ್ಪ ತಲೆ ಬಗ್ಗಿಸಿ ಹೂಂ ಅಂದಿದ್ದ. ಎಮ್ಮೆ ಕಟ್ಟುವ ಚಪ್ಪರದಲ್ಲಿ ಅವನ ಕಂಬಳಿ, ಅಂಗಳದ ಮೂಲೆಯಲ್ಲಿ ಮೂರು ಕಲ್ಲು. ಉಡಚಮ್ಮ ಮೊರದ ತುಂಬ ಜೋಳದ ಹಿಟ್ಟು ಹಾಕಿ, ಒಂದು ಹಳೆಯ ಹಂಚು ಇಟ್ಟು, ಹೊಸಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದು ನೋಡಿದ್ದಳು. ಅವಳ ಎದೆಯಲ್ಲಿ ಅವತ್ತು ಒಂದು ಸಣ್ಣ ಖುಷಿಯಿತ್ತು. ಸುಟ್ಟುಕೊಳ್ಳುತ್ತಾನೆ, ಕರಕಲು ತಿನ್ನುತ್ತಾನೆ, ಆಮೇಲೆ ಹೊಸಿಲಿನ ಆಚೆಯಿಂದ ಕೇಳುತ್ತಾನೆ, ಹೆಂಗ ಮಾಡೂದು ಹೇಳು ಅಂತ. ತಾನು ಈಚೆಯಿಂದ ಹೇಳಿಕೊಡುತ್ತೇನೆ. ಇಷ್ಟು ವರ್ಷ ಕಳೆದು ಬಂದ ಗಂಡನ ಜೊತೆ ಮಾತು ಎಲ್ಲಿಂದ ಸುರುಮಾಡಬೇಕೆಂದು ತಿಳಿಯದವಳಿಗೆ ಅದೊಂದು ದಾರಿ ಕಂಡಿತ್ತು.

ಅವನು ಏನನ್ನೂ ಕೇಳಲಿಲ್ಲ. ಎಸರು ಕುದಿಸಿ ಹಿಟ್ಟಿಗೆ ಸುರಿದ, ಮುಚ್ಚಿಟ್ಟು ಸುಮ್ಮನೆ ಕೂತ. ಆಮೇಲೆ ನಾದಿದ. ಆಮೇಲೆ ಹಲಗೆಯ ಮೇಲೆ ಮುದ್ದೆ ಇಟ್ಟು ಬಡಿಯತೊಡಗಿದಾಗ ಆ ದಪ್ಪ ಕೈಗಳು, ಹೊಲದ ಬದುವಿನ ಜಗಳದಲ್ಲಿ ಒಬ್ಬನ ತಲೆಗೆ ಬಡಿಗೆ ಬೀಸಿ ಆತನ ಜೀವ ತೆಗೆದ ಅವೇ ಕೈಗಳು, ಕೂಸನ್ನು ತಟ್ಟಿದ ಹಾಗೆ ಆ ಮುದ್ದೆಯನ್ನು ತಟ್ಟುತ್ತ ತಿರುಗಿಸುತ್ತ ಹಿಗ್ಗಿಸುತ್ತ ಹೋದವು. ಅಂಚು ಒಡೆಯಲಿಲ್ಲ. ಉಡಚಮ್ಮ ನೋಡಿದ್ದು ಅದನ್ನೇ. ಅವಳ ರೊಟ್ಟಿಯ ಅಂಚು ಒಡೆಯುತ್ತದೆ, ಚಿಕ್ಕಂದಿನಿಂದಲೂ. ಹುಲಿಹೈದರದ ತವರಿನಲ್ಲಿ ಅವ್ವ ಇದಕ್ಕೇ ಕೈಮೇಲೆ ಹೊಡೆಯುತ್ತಿದ್ದಳು, ಗಂಡನ ಮನೆಗೆ ಬಂದ ಹೊಸತರಲ್ಲಿ ಹುಲಿಗವ್ವ ಇದಕ್ಕೇ ಬೈಯುತ್ತಿದ್ದಳು. "ರೊಟ್ಟಿ ಅಂತಾರನ ಇದಕ್ಕ? ಇಲಿ ಕಡದಂಗೈತಿ." ಆಮೇಲೆ ಬೈಯುವುದು ನಿಂತಿತು. ಮಗನನ್ನು ಠಾಣೆಯ ಅಮೀನನ ಸಿಪಾಯಿಗಳು ಕೈಕಟ್ಟಿ ಕರೆದೊಯ್ದ ದಿನ ಮುದುಕಿ ಗೋಡೆಗೆ ಮುಖ ಮಾಡಿ ಮಲಗಿದವಳು ನೀರು ಕೂಡ ಒಲ್ಲೆ ಅಂದಳು. ಉಡಚಮ್ಮ ಅಂಚು ಒಡೆದ ರೊಟ್ಟಿಯ ನಡುವಿನ ಮೆತ್ತನ್ನ ಭಾಗವನ್ನಷ್ಟೇ ಹರಿದು, ಮಜ್ಜಿಗೆಯಲ್ಲಿ ನೆನೆಸಿ, ಆ ಒಣಗಿದ ತುಟಿಗಳ ನಡುವೆ ಬೆರಳಿನಿಂದ ತುರುಕಿದಳು. ಅವತ್ತಿನಿಂದ ಅದೇ ಪದ್ಧತಿಯಾಯಿತು. ಅಂಚು ತನಗೆ, ನಡುವು ಅತ್ತೆಗೆ. ಹಾಗೆ ನೋಡಿದರೆ ಅಂಚು ಒಡೆಯುವ ರೊಟ್ಟಿಯೇ ಆ ಮನೆಯನ್ನು ಹಿಡಿದು ನಿಲ್ಲಿಸಿತ್ತು.

ಊರಲ್ಲಿ ಯಾರೂ ಈ ಮನೆಗೆ ಹಾಯದಿದ್ದ ಕಾಲ ಅದು. ಬಾವಿಯ ಹತ್ತಿರ ಹೋದರೆ ಹೆಂಗಸರು ಹಗ್ಗ ಎತ್ತಿಕೊಂಡು ಸರಿಯುತ್ತಿದ್ದರು. ತವರಿನಿಂದ ಅಣ್ಣ ತಿಮ್ಮಣ್ಣ ಬಂಡಿ ಹೂಡಿಕೊಂಡು ಬಂದು ಅಂಗಳದಲ್ಲೇ ನಿಂತು ಹೇಳಿದ, "ನಡಿ, ಕೊಲಿ ಮಾಡಿದವರ ಮನಿಯಾಗ ಏನೈತಿ ನಿನಗ? ಮಕ್ಕಳಿಲ್ಲ ಮರಿಯಿಲ್ಲ." ಅವಳು ಬಟ್ಟೆಗಂಟು ಕಟ್ಟಿಯೂ ಆಗಿತ್ತು. ಹೊಸಿಲು ದಾಟುವಾಗ ಸೆರಗು ಹಿಂದಕ್ಕೆ ಜಗ್ಗಿತು. ಬಾಗಿಲ ಚಿಲಕಕ್ಕೆ ಸಿಕ್ಕಿತೇನೋ ಎಂದು ತಿರುಗಿದರೆ ಹುಲಿಗವ್ವ ಕೂತಲ್ಲಿಂದಲೇ ಸೆರಗಿನ ತುದಿ ಹಿಡಿದಿದ್ದಳು. ಇರು ಅನ್ನಲಿಲ್ಲ, ಅಳಲಿಲ್ಲ, ಮುಖ ಕೂಡ ಎತ್ತಲಿಲ್ಲ. ಎರಡು ಬೆರಳಿನಲ್ಲಿ ಆ ತುದಿಯನ್ನು ಹಿಡಿದು ಸುಮ್ಮನೆ ಕೂತಿದ್ದಳು. ಬಂಡಿ ಖಾಲಿಯೇ ಹೋಯಿತು. ಆಮೇಲೆ ಊರು ನಿಧಾನಕ್ಕೆ ಹತ್ತಿರ ಬಂದು, ಗಂಡನ ಸಲುವಾಗಿ ಕಾದು ಕೂತ ಪುಣ್ಯವಂತೆ ಎಂದು ಅವಳನ್ನು ಹೊಗಳತೊಡಗಿದಾಗ ಅವಳು ಆ ಹೊಗಳಿಕೆಯನ್ನು ಬಾಯಿ ಮುಚ್ಚಿಕೊಂಡು ಇಸಿದುಕೊಂಡಳು. ಗಂಡನ ಮುಖ ಆಗಲೇ ಮಸುಕಾಗುತ್ತ ನಡೆದಿತ್ತು. ಅವಳು ಉಳಿದದ್ದು ಆ ಎರಡು ಬೆರಳಿಗಾಗಿ. ಒಂದು ಸಲ ಹುಲಿಗೆಮ್ಮನ ಗುಡಿಗೆ ಹೋದಾಗ, ಅತ್ತೆ ಮಗನ ಬಿಡುಗಡೆಗೆ ಹರಕೆ ಹೊರುತ್ತಿದ್ದರೆ, ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತ ಉಡಚಮ್ಮನ ಮನಸ್ಸಿನಲ್ಲಿ ಹಾಳು ವಿಚಾರವೊಂದು ಹಾದುಹೋಗಿತ್ತು: ಇನ್ನೆರಡು ವರ್ಷ ಹೆಚ್ಚಿಗೆ ಆದರೂ ಆಗಲಿ. ದೇವಿಗೆ ಕೇಳಿಸಿತೇನೋ ಎಂದು ಹೆದರಿದ್ದಕ್ಕೆ ತೆಂಗಿನಕಾಯಿ ಕೈಜಾರಿ ಬಿತ್ತು. ಅತ್ತೆ ಅದನ್ನು ಶುಭ ಅಂದಳು.

ಕಡೆಗೂ ಎದ್ದು, ಕೊಡ ತೆಗೆದುಕೊಂಡು ಅಂಗಳಕ್ಕೆ ಬಂದಾಗ ಚಳಿಗೆ ನೆಲ ಅಂಗಾಲು ಕಚ್ಚುತ್ತಿತ್ತು. ಅವನು ತಲೆ ಎತ್ತಿ ನೋಡಿದ, ಅವಳು ನೋಡಲಿಲ್ಲ. ಪಕ್ಕದ ಮನೆಯ ಪಕ್ಕೀರವ್ವ ಗೋಡೆಯ ಮೇಲೆ ಮೊಳಕೈ ಊರಿ ದಿನದ ತಮಾಷೆಗೆ ಆಗಲೇ ತಯಾರಾಗಿದ್ದಳು.

"ಏನ ಉಡಚವ್ವಾ, ನಿನ್ನ ಗಂಡನ್ನ ನಾಕ ದಿನ ನಮ್ಮ ಮನಿಗೆ ಕಳಸು. ನನ್ನ ಸೊಸಿಗೆ ರೊಟ್ಟಿ ಬಡಿಯೂದು ಕಲಿಸಿ ಹೋಗ್ಲಿ."

"ಕರಕೊಂಡು ಹೋಗು," ಅಂದಳು ಉಡಚಮ್ಮ. "ವಾಪಸ್ ಕಳಸಬ್ಯಾಡ."

ಪಕ್ಕೀರವ್ವ ಹೊಟ್ಟೆ ಹಿಡಿದು ನಕ್ಕಳು. ಓಬಳೆಪ್ಪನೂ ನಕ್ಕ. ಹುಲಿಗವ್ವನೂ ನಕ್ಕಳು, ಅದು ಉಡಚಮ್ಮನಿಗೆ ಚುಚ್ಚಿತು. ತಾನು ಚೇಷ್ಟೆಗೆ ಹೇಳಿದ್ದಲ್ಲ ಎಂದು ಆ ಮುದುಕಿಗಾದರೂ ತಿಳಿಯಬೇಕಿತ್ತು. ಬಾವಿಯ ದಾರಿಯುದ್ದಕ್ಕೂ ಬೆನ್ನ ಹಿಂದೆ ಅವನ ಮಾತು ಕೇಳುತ್ತಲೇ ಇತ್ತು. "ಮದಾರಸಾಬ ಹೇಳ್ತಿದ್ದ ಯವ್ವಾ, ಎಸರು ಹಾಕಿದ ಮ್ಯಾಲ ಹಿಟ್ಟಿಗೆ ಅವಸರ ಮಾಡಬಾರದು, ಅದರ ಪಾಡಿಗೆ ಬಿಡಬೇಕು ಅಂತ." ಯಾವ ಮಾತು ತೆಗೆದರೂ ಮದಾರಸಾಬ. ಕೊಪ್ಪಳದ ಕಡೆಯವನಂತೆ, ಅವನೂ ಕೈದಿ, ಜೈಲಿನ ಅಡಿಗೆಮನೆಗೆ ಹಿರಿಯನಂತೆ, ಜ್ವರ ಬಂದು ಬಿದ್ದಾಗ ಓಬಳೆಪ್ಪನ ಬಾಯಿಗೆ ಗಂಜಿ ಬಿಟ್ಟವನಂತೆ. ಉಡಚಮ್ಮನಿಗೆ ಆ ಕಾಣದ ಮನುಷ್ಯನ ಮೇಲೆ ಹೊಟ್ಟೆ ಉರಿಯುತ್ತಿತ್ತು. ಗಂಡಸಿನ ಮೇಲೆ ಸವತಿಮತ್ಸರವೇ ಎಂದು ತನಗೇ ನಗು ಬಂದರೂ ಉರಿ ಮಾತ್ರ ನಿಜವಾಗಿತ್ತು. ಇಷ್ಟು ವರ್ಷ ತನ್ನ ಗಂಡನ ಹಸಿವು ಯಾವ ಹೊತ್ತಿಗೆ ಆಗುತ್ತದೆ, ಅವನು ನಿದ್ದೆಯಲ್ಲಿ ಏನು ಕನವರಿಸುತ್ತಾನೆ ಎಂದು ಬಲ್ಲವನು ಅವನು. ತಾನು ಬಲ್ಲದ್ದು ಮುದುಕಿಯ ಹಸಿವು, ಮುದುಕಿಯ ಕನವರಿಕೆ. ಅವನು ಅಲ್ಲಿ ಒಬ್ಬನನ್ನು ಸಂಪಾದಿಸಿದ, ತಾನು ಇಲ್ಲಿ ಒಬ್ಬಳನ್ನು ಸಂಪಾದಿಸಿದೆ, ಲೆಕ್ಕ ಸರಿಹೋಯಿತು ಅಂದುಕೊಂಡರೆ, ಈಗ ಬಂದು ತನ್ನ ಪಾಲಿನವಳನ್ನೂ ಎಳೆದುಕೊಳ್ಳುತ್ತಿದ್ದಾನೆ. ಕೊಡ ತುಂಬಿ ಹೊರಚೆಲ್ಲಿ ಕಾಲು ತೋಯ್ದಿದ್ದು ಅವಳಿಗೆ ಗೊತ್ತಾಗಲಿಲ್ಲ.

ತಿರುಗಿ ಬಂದಾಗ ಚಪ್ಪರದ ಕೆಳಗೆ ಎಮ್ಮೆ ಕೊರಳು ಚಾಚಿ ಒದರುತ್ತಿತ್ತು. ಗೋದಲಿಯ ಕಟ್ಟೆಯ ಮೇಲೆ ಬೋರಲು ಹಾಕಿದ ಗಂಗಾಳ. ಅದರ ಕೆಳಗೆ ಏನಿದೆಯೆಂದು ಎಮ್ಮೆಗೂ ಗೊತ್ತು, ಉಡಚಮ್ಮನಿಗೂ ಗೊತ್ತು. ದಿನಾ ಮುಂಜಾನೆ ಅವನು ಅಲ್ಲಿ ಒಂದು ರೊಟ್ಟಿ ಇಡುತ್ತಾನೆ. ಸೆಗಣಿ ಬಾಚಲು ಆ ಕಡೆ ಬರುವವಳು ಅವಳೊಬ್ಬಳೇ, ಅಂದಮೇಲೆ ಅದು ಯಾರಿಗೆ ಎಂದು ಕೇಳಬೇಕಾಗಿಲ್ಲ. ಮೊದಲ ದಿನ ಗಂಗಾಳ ಎತ್ತಿ ಆ ದುಂಡನ್ನ, ಒಂದು ಬಿರುಕೂ ಇಲ್ಲದ ಅಂಚನ್ನು ಕಂಡಾಗ ಅವಳ ಕಿವಿ ಬಿಸಿಯಾಗಿತ್ತು. ನೋಡು, ರೊಟ್ಟಿ ಅಂದರೆ ಹೀಗೆ ಇರಬೇಕು, ಅಂತ ಹೇಳಿದ ಹಾಗೆ. ಅಥವಾ ಇನ್ನೂ ಕೆಟ್ಟದ್ದು, ನೀನೂ ನನ್ನ ಕೈದು ತಿಂದು ಮೈಲಿಗೆಯಾಗು, ಆಮೇಲೆ ನಿನ್ನ ಒಲೆಯ ಜಂಬ ನೋಡೋಣ, ಅಂತ. ಹೀಗೆ ಎರಡು ಅರ್ಥ ಹೊಳೆದವು. ಮೂರನೆಯದು ಹೊಳೆಯಲಿಲ್ಲ, ಹೊಳೆಯಲು ಅವಳು ಬಿಡಲೂ ಇಲ್ಲ. ರೊಟ್ಟಿಯನ್ನು ಎಮ್ಮೆಯ ಬಾಯಿಗೆ ಕೊಟ್ಟಳು. ಎಮ್ಮೆಗೆ ರುಚಿ ಹತ್ತಿತು. ಎರಡನೆಯ ವಾರದಲ್ಲಿ ಒಂದು ದಿನ ಅವನು ಅಂಗಳದಿಂದಲೇ, ಕಟ್ಟಿಗೆ ಮುರಿಯುತ್ತ, ನೆಲ ನೋಡುತ್ತ ಕೇಳಿದ್ದ.

"ಉಡಚೀ, ರೊಟ್ಟಿ ಛಲೋ ಇತ್ತನ?"

"ಎಮ್ಮಿ ಛಲೋ ಐತಿ ಅಂತು."

ಅವನು ನಕ್ಕಿರಬೇಕು ಎಂದು ಅವಳು ಅಂದುಕೊಂಡಳು. ತಿರುಗಿ ನೋಡಿದರೆ ನಗುತ್ತಿರಲಿಲ್ಲ, ಕಟ್ಟಿಗೆಯ ಸಣ್ಣ ತುಂಡನ್ನೂ ಮತ್ತೆ ಮುರಿಯುತ್ತಿದ್ದ. ಮರುದಿನ ಇಡಲಿಕ್ಕಿಲ್ಲ ಅಂದುಕೊಂಡಳು. ಇಟ್ಟಿದ್ದ. ಇವತ್ತೂ ಇಟ್ಟಿದ್ದಾನೆ. ಅವಳು ರೊಟ್ಟಿಯನ್ನು ನಾಲ್ಕಾಗಿ ಮಡಚಿ ಎಮ್ಮೆಯ ಬಾಯಿಗೆ ಹಿಡಿಯುವಾಗ ಚಪ್ಪರದ ತಟ್ಟಿಯ ಸಂದಿಯಿಂದ ಅಂಗಳ ಕಂಡಿತು. ಪಕ್ಕೀರವ್ವ ಗೋಡೆಯ ಹತ್ತಿರ ಇರಲಿಲ್ಲ. ಓಬಳೆಪ್ಪ ಹಂಚಿನಿಂದ ರೊಟ್ಟಿ ತೆಗೆದು, ಆರಲು ಎರಡು ಸಲ ಅಂಗೈಯಲ್ಲಿ ಹಾರಿಸಿ, ಸುತ್ತಲಿನ ಅಂಚನ್ನು ಮುರಿದು ತನ್ನ ಬಾಯಿಗೆ ಹಾಕಿಕೊಂಡ. ನಡುವಿನ ಮೆತ್ತನ್ನದನ್ನು ತಾಯಿಯ ಕೈಗೆ ಕೊಟ್ಟ. ಹುಲಿಗವ್ವ ಕಣ್ಣು ಮುಚ್ಚಿ ಒಸಡಿನಲ್ಲಿ ನುರಿಸತೊಡಗಿದಳು. ಉಡಚಮ್ಮನಿಗೆ ಕುಲದ ಮಾತು ಮೀರಿದರು ಅನ್ನುವುದು ಆಮೇಲೆ ನೆನಪಾಯಿತು. ಮೊದಲು ಎದೆಗೆ ಒದ್ದದ್ದು ಬೇರೆ. ಅಂಚು ತನಗೆ, ನಡುವು ಅವಳಿಗೆ. ಇದನ್ನು ಅವನಿಗೆ ಯಾರು ಹೇಳಿಕೊಟ್ಟರು? ಮದಾರಸಾಬನಿಗಂತೂ ಇದು ಗೊತ್ತಿರಲು ಸಾಧ್ಯವಿಲ್ಲ. ಮುದುಕಿಯೇ ಹೇಳಿರಬೇಕು. ತಮ್ಮಿಬ್ಬರ ನಡುವಿನ ಗುಟ್ಟನ್ನು, ಚಳಿಗಾಲದ ಹರಟೆಯ ಹಾಗೆ, ಅವನ ಮುಂದೆ ಬಿಚ್ಚಿಟ್ಟಿರಬೇಕು. ಎಮ್ಮೆ ಬೆರಳು ನೆಕ್ಕುತ್ತಿತ್ತು.

ಒಳಗೆ ಬಂದು ಒಲೆ ಹೊತ್ತಿಸಿದಳು, ರೊಟ್ಟಿ ಬಡಿದಳು. ಸಿಟ್ಟಿಗೆ ಅಂಚು ಎಂದಿಗಿಂತ ಹೆಚ್ಚು ಒಡೆಯಿತು. ಹುಲಿಗವ್ವ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. ಉಡಚಮ್ಮ ನಡುವಿನ ಭಾಗ ಹರಿದು, ಮಜ್ಜಿಗೆಯಲ್ಲಿ ಅದ್ದಿ, ತಾಟು ಮುಂದಿಟ್ಟಳು.

"ಹಸಿವಿಲ್ಲವ್ವ."

"ನಿನ್ನೀನೂ ಇರಲಿಲ್ಲ. ಮೊನ್ನೀನೂ ಇರಲಿಲ್ಲ. ಬಾಯಾಗ ಏನೈತಿ?"

"ಏನಿಲ್ಲ. ಎಲಿ ಅಡಕಿ."

ಗದ್ದದ ಮೇಲೆ ರೊಟ್ಟಿಯ ಪುಡಿ ಅಂಟಿತ್ತು. ಎಂದಿನಂತೆ ಉಡಚಮ್ಮನ ಕೈ ತಾನಾಗಿ ಮುಂದೆ ಹೋಗಿ ಅದನ್ನು ಒರೆಸಿತು, ಒರೆಸಿದ್ದಕ್ಕೆ ಅವಳಿಗೆ ತನ್ನ ಕೈಯ ಮೇಲೇ ಸಿಟ್ಟು ಬಂತು. ಈ ಮುದುಕಿ ತನಗೆ ಸುಳ್ಳು ಹೇಳಿದ್ದು ಇದೇ ಮೊದಲು. ಕೊಲೆಗಾರನ ತಾಯಿ ಎಂದು ಊರು ಉಗುಳಿದಾಗಲೂ, ಜೋಳ ತೀರಿ ಹುಣಸೆಬೀಜ ಹುರಿದು ತಿಂದಾಗಲೂ ಇಬ್ಬರ ನಡುವೆ ಸುಳ್ಳು ಇರಲಿಲ್ಲ. ಹೇಳಬಾರದೆಂದುಕೊಂಡಿದ್ದು ಹೊರಗೆ ಬಿದ್ದೇಬಿಟ್ಟಿತು. "ನಾ ನೋಡೀನಿ, ಅತ್ತಿ."

ಹುಲಿಗವ್ವ ಬೆಚ್ಚಲಿಲ್ಲ. "ನೋಡಿದ್ರ ನೋಡು. ನಾಳಿಗೆ ಕುಲ ಕೂಡತೈತಿ, ಎಲ್ಲಾ ಮುಗೀತೈತಿ. ಅವ ಬಂದ ದಿನ ಒಬ್ಬನ ಕುಂತು ತಿನ್ನೂದು ನೋಡಿದೆ. ಅಂಗಳದಾಗ ನಾಯಿ ತಿಂದಂಗ, ಗೋಡಿ ಕಡೆ ಮಾರಿ ಮಾಡ್ಕೊಂಡು. ನನಗ ತಡಿಲಿಲ್ಲ." ಆಮೇಲೆ ದನಿ ಇಳಿಸಿ, ಉಡಚಮ್ಮನ ಮೊಣಕಾಲು ಮುಟ್ಟಿ, ಅಂದಳು, "ನಿನಗಂತ ದಿನಾ ಒಂದು ಇಡ್ತಾನ. ಒಂದು ಚೂರು ಬಾಯಾಗ ಹಾಕ್ಕೊಳ್ಳವ್ವ. ಯಾರು ನೋಡ್ತಾರ? ನಾವಿಬ್ರೂ ಅದನ್ನ ಮಾತಾಡ್ತಿರ್ತೀವಿ, ಉಡಚಿ ಒಂದು ಚೂರು ತಿಂದ್ರ ಅಂತ."

ನಾವಿಬ್ರೂ. ಉಡಚಮ್ಮನ ಕಿವಿಯಲ್ಲಿ ಉಳಿದದ್ದು ಅದೊಂದೇ. ಇಷ್ಟು ವರ್ಷ ಈ ಬಾಯಲ್ಲಿ ಆ ಮಾತಿಗೆ ಒಂದೇ ಅರ್ಥವಿತ್ತು, ನೀನು ಮತ್ತು ನಾನು. ಈಗ ಅದೇ ಮಾತು, ಅದೇ ದನಿ, ಆದರೆ ಉಡಚಮ್ಮ ಅದರ ಹೊರಗೆ ನಿಂತಿದ್ದಾಳೆ. ಅವಳು ತಾಟು ಎತ್ತಿಕೊಂಡು ಹೋಗಿ ಮಜ್ಜಿಗೆಯಲ್ಲಿ ನೆನೆದ ರೊಟ್ಟಿಯನ್ನು ತಾನೇ ತಿಂದಳು. ಆಮೇಲೆ ಅಂಚನ್ನೂ ತಿಂದಳು.

ಮರುದಿನ ಬಿಸಿಲು ಏರುವ ಹೊತ್ತಿಗೆ ಅಂಗಳದಲ್ಲಿ ಕಂಬಳಿ ಹಾಸಿತ್ತು. ಮಾರೆಪ್ಪ ನಡುವೆ ಕೂತ, ಅವನ ಪಕ್ಕದಲ್ಲಿ ಹೇಮಪ್ಪ ಎಂಬ ಇನ್ನೊಬ್ಬ ಹಿರಿಯ, ಸುತ್ತ ಕುಲದ ಗಂಡಸರು, ಗೋಡೆಗುಂಟ ಹೆಂಗಸರು. ತಲೆ ಬೋಳಿಸಿಕೊಂಡು ತೊಯ್ದ ಧೋತರದಲ್ಲಿ ಕೂತ ಓಬಳೆಪ್ಪ ಯಾರದೋ ಮನೆಯ ಎಳೆಯ ಹುಡುಗನ ಹಾಗೆ ಕಂಡ. ಕೆಂಡದಲ್ಲಿ ಎಕ್ಕೆಯ ಕಡ್ಡಿ ಇಟ್ಟಿದ್ದರು. ಮೊದಲು ಕೇಳಬೇಕಾದ ಪ್ರಶ್ನೆ ಒಂದಿತ್ತು, ಅದನ್ನು ಕೇಳುವುದು ಮನೆಯ ಒಲೆ ನೋಡಿಕೊಳ್ಳುವ ಹೆಂಗಸನ್ನು. ಒಲೆಯ ಬೂದಿಯನ್ನು ಮುಷ್ಟಿಯಲ್ಲಿ ಹಿಡಿದು ಹೊಸಿಲ ಮೇಲೆ ನಿಂತು ಹೇಳಬೇಕು. ಉಡಚಮ್ಮನಿಗೆ ಇದು ಗೊತ್ತಿತ್ತು, ರಾತ್ರಿಯಿಡೀ ಅದನ್ನೇ ಹೊರಳಾಡಿಸಿ ನೋಡಿ ಹೇಳಬಾರದೆಂದೇ ನಿಶ್ಚಯಿಸಿದ್ದಳು. ಹೇಳಿದರೆ ಆ ಮುದಿ ನಾಲಿಗೆಗೆ ಬೆಂಕಿ. ಎಷ್ಟು ಉರಿದರೂ ಅಷ್ಟು ಉರಿಯಬಾರದು ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡಿದ್ದಳು. ಬೆಳಿಗ್ಗೆ ಬೂದಿ ಬಾಚಿ ಮುಷ್ಟಿಯಲ್ಲಿ ಹಿಡಿದಾಗ ಅದು ಬೆಚ್ಚಗಿತ್ತು.

"ತಂಗೀ," ಅಂದ ಮಾರೆಪ್ಪ, "ಈ ಮನಿಯಾಗ ಇವನ ಕೈದು ಯಾರರ ಉಂಡಾರೇನು? ಬೂದಿ ಹಿಡದೀದಿ, ಖರೇ ಹೇಳು."

ಅವಳು ಅತ್ತೆಯತ್ತ ನೋಡಿದಳು. ಹುಲಿಗವ್ವ ನೇರವಾಗಿ ಅವಳನ್ನೇ ನೋಡುತ್ತಿದ್ದಳು, ಹೆದರಿಕೆ ಇರಲಿಲ್ಲ, ಬೇಡುವ ಭಾವವೂ ಇರಲಿಲ್ಲ. ಉಡಚಿ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಷ್ಟು ನಂಬಿಕೆ ಕಂಡು ಉಡಚಮ್ಮ ಯಾರೂ ಉಂಡಿಲ್ಲ ಅನ್ನಲು ಬಾಯಿ ತೆರೆದಳು. ಆಗ ಕಣ್ಣು ಕೆಳಗಿಳಿಯಿತು. ಮುದುಕಿ ಮಗನ ಮಗ್ಗುಲಿಗೆ ಕೂತಿದ್ದಳು. ಅವನು ಹೆಗಲ ಮೇಲೆ ಹೊದ್ದ ವಲ್ಲಿಯ ತುದಿಯೊಂದು ನೆಲಕ್ಕೆ ಜೋತುಬಿದ್ದಿತ್ತು. ಹುಲಿಗವ್ವ ಅದನ್ನು ಎರಡು ಬೆರಳಿನಲ್ಲಿ ಹಿಡಿದಿದ್ದಳು.

"ಅತ್ತಿ ಉಂಡಾಳ," ಅಂದಳು ಉಡಚಮ್ಮ.

ಮಾರೆಪ್ಪನೇ ಗಾಬರಿಯಾದ ಹಾಗೆ ಕಂಡ. ಅವನು ಕೇಳುವುದು ವಾಡಿಕೆಗೆ, ಇಲ್ಲ ಅನ್ನುವುದು ವಾಡಿಕೆಗೆ. ಹಾಗೆ ನಿಜ ಹೇಳಿದವರನ್ನು ಅವನು ತನ್ನ ಕಾಲದಲ್ಲಿ ಕಂಡಿರಲಿಲ್ಲ. "ಹುಲಿಗವ್ವಾ, ಖರೇನ?" ಎಂದು ಕೇಳಿದ ದನಿಯಲ್ಲಿ, ಸುಳ್ಳಾದರೂ ಹೇಳು ಅನ್ನುವ ಬೇಡಿಕೆಯಿತ್ತು.

ಮುದುಕಿ ಇನ್ನೂ ಸೊಸೆಯನ್ನೇ ನೋಡುತ್ತಿದ್ದಳು. ಯಾವುದೋ ದೂರದ ಹೊಲದಲ್ಲಿ ನಿಂತವರು ಪರಿಚಯದವರೋ ಅಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡುವ ಹಾಗೆ ನೋಡಿದಳು. ಆಮೇಲೆ ಅಂದಳು, "ಖರೇ ಐತಪ್ಪಾ. ಆಕಿ ಸುಳ್ಳು ಹೇಳಾಕಿ ಅಲ್ಲ. ಹಡದಾಕಿ ಉಣ್ಣಲಾರದ ಇರ್ತಾಳನ? ದಿನಾ ಉಂಡೀನಿ."

"ಆಕಿ ಪಾಲಿಂದೂ ನನಗ ಹಚ್ರಿ," ಓಬಳೆಪ್ಪ ಎದ್ದುನಿಂತ. "ಎರಡ ಸಲ ಹಚ್ರಿ. ಮುದುಕಿಗೆ ಬ್ಯಾಡ್ರಿ."

"ಯಾರ ನಾಲಿಗಿ ಅವರದಪ್ಪಾ," ಅಂದ ಮಾರೆಪ್ಪ, ನೆಲ ನೋಡುತ್ತ. "ಕುಂದ್ರು."

ಅವನದು ಮೊದಲು ಆಯಿತು. ಆಮೇಲೆ ಅವನೇ ತಾಯಿಯ ಗದ್ದ ಹಿಡಿದ. ನಿನ್ನೆ ಉಡಚಮ್ಮ ಪುಡಿ ಒರೆಸಿದ ಗದ್ದ ಅದು. ಹುಲಿಗವ್ವ ವೈದ್ಯನಿಗೆ ತೋರಿಸುವ ಹಾಗೆ ನಾಲಿಗೆ ಹೊರಹಾಕಿದಳು, ಬೆಳ್ಳಗಿನ ಸಣ್ಣ ನಾಲಿಗೆ. ಹೇಮಪ್ಪ ಕೆಂಡದಿಂದ ಕಡ್ಡಿ ಎತ್ತಿದ, ಅದು ಮುಟ್ಟಿದಾಗ ಚುಂಯ್ ಅಂದಿತು. ಮುದುಕಿ ಕೂಗಲಿಲ್ಲ. ಮಗನ ತೋಳು ಹಿಡಿದು ಒಂದಿಷ್ಟು ಹೊತ್ತು ಬಾಯಿ ತೆರೆದೇ ಕೂತಳು, ಅವನು ಅವಳ ನಾಲಿಗೆಗೆ ಗಾಳಿ ಊದಿದ. ಊದುವಾಗ ಅವನ ಸುಟ್ಟ ನಾಲಿಗೆಯಿಂದಲೂ ಜೊಲ್ಲು ಇಳಿಯುತ್ತಿತ್ತು. ತಾಯಿ ಅದನ್ನು ಸೆರಗಿನಿಂದ ಒರೆಸಿದಳು. ಅಷ್ಟು ಜನರ ನಡುವೆ ಅವರಿಬ್ಬರೇ ಇದ್ದಂತಿದ್ದರು.

"ಮತ್ತ ನೀನು, ತಂಗೀ?" ಎಂದ ಮಾರೆಪ್ಪ. "ನೀ ಏನರ ಇವನ ಕೈದು ಬಾಯಿಗೆ ಹಾಕ್ಕೊಂಡೀಯೇನು?"

ಕಡ್ಡಿ ಇನ್ನೂ ಹೇಮಪ್ಪನ ಕೈಯಲ್ಲಿತ್ತು, ತುದಿಯಲ್ಲಿ ಕೆಂಪು ಉಳಿದಿತ್ತು. ಹೂಂ ಅಂದರೆ ಮುಗಿಯಿತು. ಒಂದೇ ಅಕ್ಷರದ ಸುಳ್ಳು, ಆಮೇಲೆ ಒಂದು ಕ್ಷಣದ ಉರಿ, ಆಮೇಲೆ ತಾನೂ ಆ ಇಬ್ಬರ ಪಕ್ಕದಲ್ಲಿ ಬಾಯಿ ತೆರೆದು ಕೂತಿರುತ್ತೇನೆ, ಯಾರಾದರೂ ಗಾಳಿ ಊದುತ್ತಾರೆ. ಉಡಚಮ್ಮ ಅದನ್ನು ಕಂಡಳು, ಆ ಜಾಗವನ್ನು ಕೂಡ ಕಂಡಳು, ಮುದುಕಿಯ ಎಡಕ್ಕೆ ಅಷ್ಟು ತೆರಪಿತ್ತು. ಮುಷ್ಟಿಯಲ್ಲಿನ ಬೂದಿ ಬೆವರಿಗೆ ಕೆಸರಾಗಿತ್ತು. ಅತ್ತೆ ಇತ್ತ ನೋಡಲಿಲ್ಲ. ನೋಡಿದ್ದರೆ ಹೇಳುತ್ತಿದ್ದಳೋ ಏನೋ.

"ಇಲ್ರಿ," ಅಂದಳು.

"ಭಲೇ," ಅಂದ ಹೇಮಪ್ಪ, ಮನಸ್ಸಿಗೆ ಹಗುರಾಗಿ. "ಇಷ್ಟೆಲ್ಲಾ ನಡುವ ಒಲಿ ಕಾಯ್ದಿ ನೋಡವ್ವಾ. ನಿನ್ನಂಥಾಕಿ ಇದ್ರ ಮನಿ ಉಳೀತೈತಿ." ಕಡ್ಡಿಯನ್ನು ತಂಬಿಗೆಯ ನೀರಿನಲ್ಲಿ ಅದ್ದಿದ. ಸುತ್ತ ಕೂತವರು ಹೌದೌದು ಅಂದರು. ಮೊದಲಿನ ಹಾಗೆಯೇ ಅವಳು ಆ ಹೊಗಳಿಕೆಯನ್ನು ಬಾಯಿ ಮುಚ್ಚಿಕೊಂಡು ಇಸಿದುಕೊಂಡಳು.

ಇನ್ನು ಉಳಿದದ್ದು ಊಟ. ಕುಲಕ್ಕೆ ಮರಳಿದವನು ತನ್ನ ಕೈಯಾರೆ ಕುಲಕ್ಕೆ ಉಣಬಡಿಸಬೇಕು. ಅಂಗಳದ ಒಲೆ ಮತ್ತೆ ಹೊತ್ತಿತು. ಸುಟ್ಟ ನಾಲಿಗೆಯ ಓಬಳೆಪ್ಪ ಮಾತಿಲ್ಲದೆ ಬಡಿಯುತ್ತ ಹೋದ, ರೊಟ್ಟಿ ಏಳುತ್ತ ಹೋದವು, ಪುಂಡಿಪಲ್ಲೆ, ಶೇಂಗಾದ ಹಿಂಡಿ, ಮಜ್ಜಿಗೆ. ಪಕ್ಕೀರವ್ವ ಮೊದಲ ತುತ್ತಿಗೇ, "ಅಯ್ಯ ನನ್ನವ್ವಾ, ಇದಕ್ಕೇನ ಇಷ್ಟ ದಿನಾ ಮೂಗಿಗೆ ವಾಸನಿ ತೋರಿಸ್ತಿದ್ದಿ!" ಎಂದು ಎಲ್ಲರನ್ನೂ ನಗಿಸಿದಳು. ಗಂಡಸರು ಎರಡನೆಯದು ಕೇಳಿದರು, ಮೂರನೆಯದು ಕೇಳಿದರು. ಮಾರೆಪ್ಪ ತುಂಬಿದ ಬಾಯಲ್ಲೇ ಕೈ ಬೀಸಿ ಕರೆದ, "ಬಾ ತಂಗೀ, ಕೂಡು. ಇನ್ನ ಯಾರಿಗೂ ಮೈಲಿಗಿಲ್ಲ." ಉಡಚಮ್ಮ ಬಂದೆ ಅಂದು ಕೈ ತೊಳೆಯುವ ನೆವ ಮಾಡಿ ಚಪ್ಪರಕ್ಕೆ ಬಂದಳು. ಬೂದಿ ಉಗುರ ಸಂದಿಯಿಂದ ಹೋಗುತ್ತಿರಲಿಲ್ಲ. ಎಮ್ಮೆ ಅವಳನ್ನು ಕಂಡು ಕೊರಳು ಚಾಚಿ ಒದರಿತು. ಆಗ ನೆನಪಾಯಿತು, ಇವತ್ತಿನ ಗಡಿಬಿಡಿಯಲ್ಲಿ ಸೆಗಣಿ ಬಾಚಿಲ್ಲ, ಈ ಕಡೆ ಬಂದೇ ಇಲ್ಲ.

ಗೋದಲಿಯ ಕಟ್ಟೆಯ ಮೇಲೆ ಗಂಗಾಳ ಬೋರಲು ಬಿದ್ದಿತ್ತು. ತಲೆ ಬೋಳಿಸಿಕೊಳ್ಳಲು ಹೋಗುವ ಮೊದಲೇ, ನಸುಕಿನಲ್ಲಿ, ಇಟ್ಟಿರಬೇಕು. ಎತ್ತಿದಳು. ಆರಿ ಗಟ್ಟಿಯಾಗಿದ್ದ ರೊಟ್ಟಿ, ದುಂಡಗೆ, ಅಂಚು ಒಡೆಯದೆ. ಈ ಸಲ ಅವಳು ಅದನ್ನು ಬಹಳ ಹೊತ್ತು ನೋಡಿದಳು. ಇಷ್ಟು ದಿನ ಹೊಳೆಯಗೊಡದ ಮೂರನೆಯ ಅರ್ಥಕ್ಕೆ ದೊಡ್ಡ ಬುದ್ಧಿಯೇನೂ ಬೇಕಾಗಿರಲಿಲ್ಲ. ಒಬ್ಬ ಮನುಷ್ಯ ಬಾಗಿಲ ಹೊರಗೆ ಕೂತು, ಒಳಗೆ ಕರೆಯಿರಿ ಎಂದು ಕೇಳಲಾರದೆ, ದಿನಾ ಒಂದು ರೊಟ್ಟಿ ಇಡುತ್ತಿದ್ದ. ಅದನ್ನು ತಿಂದರೆ ಬೆಂಕಿ ಮುಟ್ಟಿಸಿಕೊಳ್ಳಬೇಕಾಗುತ್ತದೆ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಎಮ್ಮೆಯ ಉಸಿರು ಬಿಸಿಯಾಗಿ ಮೊಳಕೈಗೆ ತಾಗುತ್ತಿತ್ತು. ಅವಳು ಅದನ್ನು ಸರಿಸಿ, ನಡುವಿನಿಂದ ಒಂದು ಚೂರು ಹರಿದು ಬಾಯಲ್ಲಿಟ್ಟುಕೊಂಡಳು. ಉಪ್ಪು ಕಡಿಮೆ ಇತ್ತು, ಹೊಗೆಯ ವಾಸನೆಯಿತ್ತು. ಚೆನ್ನಾಗಿತ್ತು. ಇನ್ನೊಂದು ಚೂರು ಹಾಕಿಕೊಂಡಳು.

ಅಂಗಳದಿಂದ ಹುಲಿಗವ್ವನ ದನಿ ಬಂತು, ಸುಟ್ಟ ನಾಲಿಗೆಗೆ ಮಾತು ಹೊರಳುತ್ತಿರಲಿಲ್ಲ. "ಉಡಚೀ, ಎಲ್ಲಿ ಹೋದಿ? ನಿನ್ನ ಪಾಲಿಂದು ಆರಾಕ ಹತ್ತೈತಿ, ಬಾ." ಸಿಟ್ಟಿನ ದನಿಯಲ್ಲ. ಕುಲದ ಊಟಕ್ಕೆ ಬಂದ ಯಾರನ್ನಾದರೂ ಕರೆಯುವಂಥ ದನಿ. ಉಡಚಮ್ಮ ಬಂದೆ ಅನ್ನಲು ಹೋದಳು, ಬಾಯಿ ತುಂಬಿತ್ತು. ತಟ್ಟಿಯ ಸಂದಿಯಿಂದ ನೋಡಿದರೆ, ಪಕ್ಕೀರವ್ವ, ಮಾರೆಪ್ಪ, ಹೇಮಪ್ಪ, ಗೋಡೆಗುಂಟ ಕೂತ ಹೆಂಗಸರು, ಹೆಸರು ಗೊತ್ತಿಲ್ಲದ ಯಾರೋ ಎಲ್ಲರೂ ಅದೇ ಕೈಯ ರೊಟ್ಟಿಯನ್ನು ಮುರಿಯುತ್ತಿದ್ದರು. ಅವಳ ಕೈಯಲ್ಲಿದ್ದದ್ದೂ ಅಂಥದ್ದೇ ಒಂದು, ಯಾರು ಬೇಕಾದರೂ ತಿನ್ನಬಹುದಾದ ರೊಟ್ಟಿ. ನಸುಕಿನಲ್ಲಿ ಅವನು ಅದನ್ನು ತಂದು ಇಟ್ಟಾಗ ಅದು ಅವಳೊಬ್ಬಳದಾಗಿತ್ತು.